ಮಾಡು ಮತ್ತು ಆಗಿದೆ: ಒಂದು ಗುಂಡಿಯ ಅರ್ಥವಿಚಾರ

ಕವಿತೆ, ಕಾದಂಬರಿ, ನಾಟಕಗಳ ಗುಣದೋಷಗಳನ್ನು ಚರ್ಚಿಸುವ ಈ ಪುಟದಲ್ಲಿ ಅವರೆಕಾಳಿನಷ್ಟು ಗಾತ್ರದ ಒಂದು ಚಿತ್ರವನ್ನು ವಿಮರ್ಶೆಗೆ ಎತ್ತಿಕೊಂಡರೆ ವಾಚಕರು ಹುಬ್ಬೇರಿಸಬಹುದು. ಆದರೆ ಇಂದು ನಮ್ಮ ಜನ ಅತಿ ಹೆಚ್ಚು ಸಲ ಓದುವ ಬರಹ ಯಾವುದೆಂದು ಅವರೇ ಒಂದು ಗಳಿಗೆ ಯೋಚಿಸಲಿ. ಸಾಗರದ ಪೇಟೆಯಲ್ಲಿ ಅಡಿಕೆಯ ಧಾರಣೆ ನೋಡುವ ಬೆಳೆಗಾರ, ಹೊಸನಗರದ ಬಸ್ ನಿಲ್ದಾಣದಲ್ಲಿ ನಿಂತು ಬೆಂಗಳೂರಿನ ಮಗಳ ಮುಖವನ್ನು ಗಾಜಿನಲ್ಲಿ ಕಾಣುವ ತಾಯಿ, ತೀರ್ಥಹಳ್ಳಿಯಲ್ಲಿ ತುಂಗೆಯ ದಡದ ಬಂಡೆಯ ಮೇಲೆ ಕುಳಿತು ಹಾಡು ಕೇಳುವ ಹುಡುಗ, ಇವರೆಲ್ಲರೂ ದಿನಕ್ಕೆ ಹತ್ತಾರು ಸಲ ಮೊಬೈಲಿನ ಚಿಹ್ನೆಗಳನ್ನು ಓದುತ್ತಾರೆ. ಓದಿ, ಅರ್ಥಮಾಡಿಕೊಂಡು, ಬೆರಳಿಡುತ್ತಾರೆ. ಇಷ್ಟು ಜನ ಇಷ್ಟು ಸಲ ಓದುವ ಬರಹಕ್ಕೆ ವಿಮರ್ಶಕನಿಲ್ಲದಿರುವುದು ಸರಿಯಲ್ಲ.

ಈ ಚಿಹ್ನೆಗಳಲ್ಲಿ ಬಹುಪಾಲು ನಿರಪರಾಧಿಗಳು. ಕಾಗದದ ಲಕೋಟೆಯ ಚಿತ್ರವಿದ್ದರೆ ಅದು ಪತ್ರ, ಭೂತಗನ್ನಡಿಯಿದ್ದರೆ ಹುಡುಕಾಟ. ನನ್ನ ತಕರಾರು ಇರುವುದು ಒಂದೇ ಒಂದು ಜಾತಿಯ ಗುಂಡಿಯ ಮೇಲೆ. ಇಂಗ್ಲಿಷ್ ಬಲ್ಲವರು ಅದನ್ನು ಟಾಗಲ್ ಎನ್ನುತ್ತಾರೆ. ಒಮ್ಮೆ ಒತ್ತಿದರೆ ಒಂದು ಕೆಲಸ, ಮತ್ತೊಮ್ಮೆ ಒತ್ತಿದರೆ ಅದಕ್ಕೆ ವಿರುದ್ಧವಾದ ಕೆಲಸ. ಕಾವಲಿಯ ಮೇಲಿನ ದೋಸೆಯ ಹಾಗೆ ಮುಟ್ಟಿದಾಗಲೆಲ್ಲ ಮಗುಚಿಕೊಳ್ಳುವುದು ಅದರ ಸ್ವಭಾವ. ಆದ್ದರಿಂದ ಈ ಲೇಖನದ ಮಟ್ಟಿಗೆ ಅದನ್ನು ಮಗುಚುಗುಂಡಿ ಎಂದು ಕರೆಯುತ್ತೇನೆ. ಅದರ ಮೇಲೊಂದು ಚಿತ್ರವಿರುತ್ತದೆ. ಉದಾಹರಣೆಗೆ, ಅಡ್ಡಗೆರೆ ಎಳೆದ ಒಂದು ಮೈಕು. ಇದರ ಅರ್ಥವೇನು? ‘ಮೈಕು ಈಗ ಮುಚ್ಚಿದೆ’ ಎಂದೇ? ಅಥವಾ ‘ಮೈಕನ್ನು ಮುಚ್ಚಬೇಕಾದರೆ ಇಲ್ಲಿ ಒತ್ತಿ’ ಎಂದೇ? ಎರಡೂ ಸಹಜವಾದ ಅರ್ಥಗಳೇ. ಆದರೆ ಒಂದು ನಿಜವಾದರೆ ಇನ್ನೊಂದು ಸುಳ್ಳು. ಗುಂಡಿ ಇದ್ದ ಸ್ಥಿತಿಯನ್ನು ಹೇಳುತ್ತಿದೆಯೋ, ಮಾಡಬೇಕಾದ ಕ್ರಿಯೆಯನ್ನು ಹೇಳುತ್ತಿದೆಯೋ ಎಂಬುದು ಚಿತ್ರವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ತಿಳಿಯುವುದಿಲ್ಲ.

ಎಲ್ಲ ಕಡೆಯೂ ಒಂದೇ ಸಂಪ್ರದಾಯವಿದ್ದಿದ್ದರೆ ಹೇಗೋ ಕಲಿತುಕೊಳ್ಳಬಹುದಾಗಿತ್ತು. ಹಾಗೂ ಇಲ್ಲ. ಯೂಟ್ಯೂಬಿನಲ್ಲಿ ಒಂದು ಯಕ್ಷಗಾನ ಪ್ರಸಂಗವನ್ನು ತೆರೆದು ಅದರ ಕೆಳಗಿನ ಪಟ್ಟಿಯನ್ನು ನೋಡಿ. ಆಟ ನಡೆಯುತ್ತಿರುವಾಗ ಒಂದು ಗುಂಡಿಯ ಮೇಲೆ ಎರಡು ನಿಂತ ಗೆರೆಗಳು ಕಾಣುತ್ತವೆ. ಅವು ‘ನಿಲ್ಲಿಸು’ ಎಂಬುದರ ಗುರುತು. ಅಂದರೆ ಒತ್ತಿದರೆ ಏನಾಗುವುದೋ ಅದನ್ನು ಹೇಳುತ್ತವೆ. ಅದೇ ಪಟ್ಟಿಯಲ್ಲಿ ಧ್ವನಿಯ ತುತ್ತೂರಿಯ ಚಿತ್ರವಿದೆ. ಧ್ವನಿ ಬರುತ್ತಿರುವಾಗ ತುತ್ತೂರಿಯ ಬಾಯಿಂದ ಅಲೆಗಳು ಹೊರಡುತ್ತವೆ. ಧ್ವನಿ ನಿಂತಾಗ ಅದಕ್ಕೆ ಅಡ್ಡಗೆರೆ ಬೀಳುತ್ತದೆ. ಇಲ್ಲಿ ಚಿತ್ರ ಹೇಳುವುದು ಈಗ ಏನಾಗಿದೆ ಎಂಬುದನ್ನು. ಒಂದೇ ಪಟ್ಟಿಯಲ್ಲಿ, ಒಂದೇ ಬಣ್ಣದಲ್ಲಿ, ಒಂದು ಗುಂಡಿ ಆಜ್ಞೆ ಕೊಡುತ್ತದೆ, ಇನ್ನೊಂದು ವಾರ್ತೆ ಹೇಳುತ್ತದೆ. ಗುಪ್ತಪದವನ್ನು ಬರೆಯುವ ಜಾಗದ ಪಕ್ಕದಲ್ಲಿರುವ ಕಣ್ಣಿನ ಚಿತ್ರದ ಕಥೆ ಇನ್ನೂ ವಿಚಿತ್ರ. ಕೆಲವು ತಂತ್ರಾಂಶಗಳಲ್ಲಿ ತೆರೆದ ಕಣ್ಣು ‘ಅಕ್ಷರಗಳು ಈಗ ಕಾಣುತ್ತಿವೆ’ ಎನ್ನುತ್ತದೆ. ಬೇರೆ ಕೆಲವುಗಳಲ್ಲಿ ‘ಕಾಣಿಸಬೇಕೆ? ಒತ್ತಿ’ ಎನ್ನುತ್ತದೆ. ಪರದೆಯನ್ನು ಕಪ್ಪಾಗಿಸುವ ಚಂದ್ರನ ಚಿತ್ರಕ್ಕೂ ಇದೇ ಗತಿ: ಚಂದ್ರ ಕಂಡರೆ ರಾತ್ರಿಯಾಗಿದೆಯೋ, ರಾತ್ರಿ ಮಾಡಬೇಕೋ!

ದೂರದೂರದವರು ಸೇರಿ ಸಭೆ ನಡೆಸಲು ಬಳಸುವ ಕೆಲವು ತಂತ್ರಾಂಶಗಳು ಇದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿವೆ. ಅಲ್ಲಿ ಗುಂಡಿಯ ಮೇಲೆ ಚಿತ್ರವೂ ಉಂಟು, ಕೆಳಗೆ ಮಾತೂ ಉಂಟು. ಮೈಕು ಮುಚ್ಚಿರುವಾಗ ಚಿತ್ರದಲ್ಲಿ ಅಡ್ಡಗೆರೆ ಎಳೆದ ಮೈಕು. ಅದರ ಕೆಳಗೆ ‘ಅನ್‌ಮ್ಯೂಟ್’ ಎಂಬ ಪದ. ಚಿತ್ರ ಹೇಳುವುದು ಸ್ಥಿತಿಯನ್ನು, ಪದ ಹೇಳುವುದು ಕ್ರಿಯೆಯನ್ನು. ಗಂಡ ಒಂದು ಹೇಳಿ ಹೆಂಡತಿ ಇನ್ನೊಂದು ಹೇಳಿ, ಇಬ್ಬರೂ ನಿಜವನ್ನೇ ಹೇಳುತ್ತಿದ್ದು, ಬಂದ ನೆಂಟನಿಗೆ ಮಾತ್ರ ಏನೂ ತಿಳಿಯದೆ ಹೋಗುವಂಥ ಸಂಸಾರ ಇದು.

ನಮ್ಮ ಸುತ್ತಲಿನ ಲೋಕದಲ್ಲಿ ಇಂಥ ತೊಡಕು ಏಕಿಲ್ಲವೆಂದು ವಿಚಾರಿಸಬೇಕು. ಸಾಗರದ ಯಾವುದಾದರೂ ಅಂಗಡಿ ಬೀದಿಯಲ್ಲಿ ನಡೆದುಹೋಗಿ. ಒಂದು ಬಾಗಿಲಿಗೆ ‘ಅಂಗಡಿ ತೆರೆದಿದೆ’ ಎಂಬ ಹಲಗೆ ತೂಗುತ್ತದೆ. ಇನ್ನೊಂದು ಗಾಜಿನ ಬಾಗಿಲ ಮೇಲೆ ‘ತಳ್ಳಿ’ ಎಂದು ಬರೆದಿರುತ್ತದೆ. ಮೊದಲನೆಯದು ವಾರ್ತೆ, ಎರಡನೆಯದು ಸೂಚನೆ. ಎರಡಕ್ಕೂ ಬೇರೆ ಬೇರೆ ಹಲಗೆ, ಬೇರೆ ಬೇರೆ ಮಾತು. ಹೆಗ್ಗೋಡಿನ ನೀನಾಸಮ್ ೧೯೪೯ರಲ್ಲಿ ಹುಟ್ಟಿದಂದಿನಿಂದ ಸಾಗರ ಸೀಮೆಯ ಜನಕ್ಕೆ ನಾಟಕವೆಂದರೆ ಮನೆಯ ಮಾತು. ಆದ್ದರಿಂದ ಈ ಉಪಮೆ ಅವರಿಗೆ ಸುಲಭವಾಗಿ ಹಿಡಿಸೀತು. ಅಚ್ಚಾದ ನಾಟಕದಲ್ಲಿ ಪಾತ್ರದ ಮಾತು ಒಂದು ಬಗೆಯಲ್ಲಿರುತ್ತದೆ, ರಂಗಸೂಚನೆ ಆವರಣದೊಳಗೆ ಇನ್ನೊಂದು ಬಗೆಯಲ್ಲಿರುತ್ತದೆ. ‘ಎಡಗಡೆಗೆ ಹೋಗುವನು’ ಎಂಬುದನ್ನು ನಟ ಗಟ್ಟಿಯಾಗಿ ಹೇಳುವುದಿಲ್ಲ, ಮಾಡುತ್ತಾನೆ. ಆವರಣ ಚಿಹ್ನೆಗಳನ್ನೆಲ್ಲ ಅಳಿಸಿ ಅಂಥ ಪುಸ್ತಕವನ್ನು ಹೊಸ ನಟನ ಕೈಗೆ ಕೊಟ್ಟರೆ ಏನಾದೀತೋ, ಮಗುಚುಗುಂಡಿಯ ಮುಂದೆ ನಮಗೆ ಆಗುತ್ತಿರುವುದು ಅದೇ.

ಇನ್ನು ಮಲೆನಾಡಿನ ಹಳ್ಳಿಮನೆಯ ದಣಪೆಯನ್ನು ನೆನೆಯಿರಿ. ತೀರ್ಥಹಳ್ಳಿಯ ಕಡೆ ಉಣುಗೋಲು ಎನ್ನುವವರೂ ಉಂಟು. ಎರಡು ಕಂಬ, ಅವುಗಳ ತೂತುಗಳಲ್ಲಿ ಅಡ್ಡಲಾಗಿ ತೂರಿದ ಗಳುಗಳು. ಗಳು ಅಡ್ಡವಿದ್ದರೆ ದಾರಿ ಮುಚ್ಚಿದೆ, ಸರಿಸಿದ್ದರೆ ತೆರೆದಿದೆ. ಅದಕ್ಕೆ ಹಲಗೆ ಬೇಡ, ಚಿತ್ರ ಬೇಡ. ಅದರ ಸ್ಥಿತಿ ಅದರ ಮೈಯಲ್ಲೇ ಇದೆ, ಮಾಡಬೇಕಾದ ಕ್ರಿಯೆಯೂ ಅದರ ಮೈಯಲ್ಲೇ ಇದೆ. ಗೋಡೆಯ ಮೇಲಿನ ಹಳೆಯ ವಿದ್ಯುತ್ ಸ್ವಿಚ್ಚೂ ಈ ವಂಶದ್ದೇ. ಕೆಳಗೆ ಬಾಗಿದ್ದರೆ ದೀಪ ಉರಿಯುತ್ತದೆ, ಕತ್ತಲಲ್ಲಿ ಬೆರಳಿನಿಂದ ತಡವಿದರೂ ತಿಳಿಯುತ್ತದೆ. ಗಾಜಿನ ಪರದೆಗೆ ಮೈಯಿಲ್ಲ. ಅಲ್ಲಿ ವಸ್ತುವಿಲ್ಲದೆ ವಸ್ತುವಿನ ಚಿತ್ರ ಮಾತ್ರ ಇದೆ. ವಸ್ತು ತಾನೇ ಹೇಳುತ್ತಿದ್ದ ಎರಡು ಮಾತುಗಳನ್ನು ಹೇಳುವ ಭಾರ ಒಂದು ಚಿತ್ರದ ತಲೆಯ ಮೇಲೆ ಬಿದ್ದು, ಅದು ಒಂದನ್ನು ಮಾತ್ರ ಹೇಳಿ, ಯಾವುದನ್ನು ಹೇಳಿದೆನೆಂಬುದನ್ನು ಮರೆಮಾಚಿದೆ. ಹಳೆಯ ಟೇಪ್‌ರೆಕಾರ್ಡರಿನಲ್ಲಿ ನುಡಿಸುವ ಗುಂಡಿ ಬೇರೆ, ನಿಲ್ಲಿಸುವ ಗುಂಡಿ ಬೇರೆ ಇದ್ದವು. ಒತ್ತಿದ ಗುಂಡಿ ತಗ್ಗಿ ನಿಲ್ಲುತ್ತಿತ್ತು. ಅಂಗೈಯಗಲದ ಪರದೆಯಲ್ಲಿ ಜಾಗ ಉಳಿಸಲು ಎರಡು ಗುಂಡಿಗಳನ್ನು ಒಂದು ಮಾಡಿದಾಗ ಈ ತೊಡಕು ಹುಟ್ಟಿತು.

ನಮ್ಮ ಆಲಂಕಾರಿಕರಿಗೆ ಈ ದೋಷ ಹೊಸದಲ್ಲ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥವಾದ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವೇ ತನ್ನ ಮೊದಲ ಪರಿಚ್ಛೇದದಲ್ಲಿ ದೋಷಗಳ ವಿಚಾರಕ್ಕೆ ಕೈಹಾಕಿತು. ಹನ್ನೊಂದನೆಯ ಶತಮಾನದ ಕಾಶ್ಮೀರದ ಮಮ್ಮಟ ‘ಕಾವ್ಯಪ್ರಕಾಶ’ದ ಏಳನೆಯ ಉಲ್ಲಾಸವನ್ನು ಪೂರ್ತಿಯಾಗಿ ದೋಷಗಳಿಗೇ ಮೀಸಲಿಟ್ಟ. ಅವನ ಪಟ್ಟಿಯಲ್ಲಿ ಎರಡು ಹೆಸರುಗಳು ನಮಗಿಲ್ಲಿ ಬೇಕಾದವು. ಒಂದು ‘ಸಂದಿಗ್ಧ’: ಪದ ಎರಡು ಅರ್ಥಗಳ ನಡುವೆ ತೂಗಾಡುತ್ತ ಯಾವುದನ್ನು ಹಿಡಿಯಬೇಕೆಂದು ತಿಳಿಯದಿರುವುದು. ಪೂಜ್ಯವೆಂದೂ ಆಗಬಲ್ಲ, ಸೆರೆಸಿಕ್ಕ ಹೆಂಗಸೆಂದೂ ಆಗಬಲ್ಲ ಒಂದು ಸಂಸ್ಕೃತ ಪದರೂಪವನ್ನು ಅವನು ಇದಕ್ಕೆ ಉದಾಹರಿಸುತ್ತಾನೆ. ಇನ್ನೊಂದು ‘ವಿರುದ್ಧಮತಿಕೃತ್’: ಹೇಳಬೇಕಾದುದಕ್ಕೆ ವಿರುದ್ಧವಾದ ಅರ್ಥವನ್ನು ಓದುಗನ ಮನಸ್ಸಿನಲ್ಲಿ ಮೂಡಿಸುವುದು. ಮಗುಚುಗುಂಡಿ ಮೊದಲು ಸಂದಿಗ್ಧ. ಅವಸರದಲ್ಲಿ ಒತ್ತಿದೊಡನೆ ವಿರುದ್ಧಮತಿಕೃತ್. ಒಂದೇ ಪದದಲ್ಲಿ ಎರಡು ದೋಷಗಳ ಸಂಗಮ!

ಇಲ್ಲಿ ಜಾಣ ಓದುಗರು ಒಂದು ಆಕ್ಷೇಪ ತೆಗೆಯಬಹುದು. ‘ಶ್ಲೇಷೆ ನಮ್ಮ ಕವಿಗಳಿಗೆ ಅಲಂಕಾರವಲ್ಲವೆ? ಎರಡರ್ಥ ದೋಷವಾಗುವುದು ಹೇಗೆ?’ ಮಮ್ಮಟನೂ ಇದನ್ನು ಬಲ್ಲ. ನಿಂದೆಯ ವೇಷದಲ್ಲಿ ಸ್ತುತಿಯೂ ಸ್ತುತಿಯ ವೇಷದಲ್ಲಿ ನಿಂದೆಯೂ ಬರುವ ವ್ಯಾಜಸ್ತುತಿಯಲ್ಲಿ ಸಂದಿಗ್ಧತೆಯೇ ಗುಣವಾಗುತ್ತದೆಂದು ಅವನು ಒಪ್ಪುತ್ತಾನೆ. ಆದರೆ ಶ್ಲೇಷೆಯಲ್ಲಿ ಎರಡು ಅರ್ಥಗಳೂ ಏಕಕಾಲಕ್ಕೆ ಸಲ್ಲುತ್ತವೆ. ಓದುಗ ಎರಡನ್ನೂ ಸವಿಯುತ್ತಾನೆ. ಗುಂಡಿಯಲ್ಲಿ ಒಂದರ್ಥ ಸಂದರೆ ಇನ್ನೊಂದು ಸಾಯುತ್ತದೆ. ಅಲ್ಲದೆ ಕವಿತೆಯ ಓದುಗನಿಗೆ ಅವಸರವಿಲ್ಲ. ಮಧ್ಯಾಹ್ನವೆಲ್ಲ ಒಂದು ಪದ್ಯದ ಮುಂದೆ ಕೂರಬಲ್ಲ. ಫೋನಿನ ಗುಂಡಿ ಒತ್ತುವವನ ಬಳಿ ಅರೆಗಳಿಗೆಯೂ ಇಲ್ಲ.

ಈ ಸಂದಿಗ್ಧತೆಯ ಬೇರು ಎಲ್ಲಿದೆ? ನನ್ನ ಅಭಿಪ್ರಾಯದಲ್ಲಿ ಅದರ ಒಂದು ಬೇರಾದರೂ ಇಂಗ್ಲಿಷ್ ಭಾಷೆಯಲ್ಲಿದೆ. ಈ ಗುಂಡಿಗಳ ಪರಿಭಾಷೆ ಬೆಳೆದದ್ದು ಆ ಭಾಷೆಯಲ್ಲಿ. ‘ಓಪನ್’ ಎಂಬುದು ಇಂಗ್ಲಿಷಿನಲ್ಲಿ ವಿಶೇಷಣವೂ ಹೌದು, ಕ್ರಿಯಾಪದವೂ ಹೌದು. ತೆರೆದಿರುವ ಬಾಗಿಲಿಗೂ ಅದೇ ಪದ, ತೆರೆ ಎಂಬ ಆಜ್ಞೆಗೂ ಅದೇ ಪದ. ‘ಮ್ಯೂಟ್’ ಕೂಡ ಹಾಗೆಯೇ. ‘ಆನ್’, ‘ಆಫ್’ಗಳಿಗಂತೂ ಕ್ರಿಯೆಯ ಬಾಲವೂ ಇಲ್ಲ, ಸ್ಥಿತಿಯ ತಲೆಯೂ ಇಲ್ಲ. ಗುಂಡಿಯ ಮೇಲೆ ಒಂದೇ ಪದ ಬರೆದರೆ ಸಾಕು, ಸಂದೇಹ ಸಿದ್ಧ. ಆ ಪದಗಳ ಸ್ಥಾನದಲ್ಲಿ ಚಿತ್ರ ಬಂದಾಗ ಸಂದೇಹವೂ ಅದರ ಬೆನ್ನೇರಿ ಬಂತು.

ಈಗ ಕನ್ನಡದ ಕಡೆ ತಿರುಗಿ. ‘ತೆರೆಯಿರಿ’ ಎಂದರೆ ಆಜ್ಞೆ. ‘ತೆರೆದಿದೆ’ ಎಂದರೆ ಸ್ಥಿತಿ. ‘ನಿಲ್ಲಿಸಿ’ ಎಂದರೆ ಮಾಡಬೇಕಾದುದು. ‘ನಿಂತಿದೆ’ ಎಂದರೆ ಆಗಿರುವುದು. ನಮ್ಮ ಕ್ರಿಯಾಪದ ತನ್ನ ಬಾಲದಲ್ಲೇ ಈ ವ್ಯತ್ಯಾಸವನ್ನು ಹೊತ್ತು ತಿರುಗುತ್ತದೆ. ಇಂಗ್ಲಿಷ್ ಪದಗಳನ್ನು ಎರವಲು ತಂದಾಗಲೂ ನಾವು ಅದನ್ನು ಬಿಟ್ಟುಕೊಟ್ಟಿಲ್ಲ. ‘ಲೈಟ್ ಆಫ್ ಮಾಡು’ ಎನ್ನುತ್ತೇವೆ. ‘ಲೈಟ್ ಆಫ್ ಆಗಿದೆ’ ಎನ್ನುತ್ತೇವೆ. ಬರಿಯ ‘ಆಫ್’ ಎಂದು ಹೇಳಿ ಸುಮ್ಮನಾಗುವ ಕನ್ನಡಿಗನನ್ನು ನಾನು ಕಂಡಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಎರವಲು ಪದಕ್ಕೆ ‘ಮಾಡು’ ಎಂಬುದನ್ನೋ ‘ಆಗಿದೆ’ ಎಂಬುದನ್ನೋ ಸೇರಿಸಿಯೇ ಮಾತಾಡುತ್ತಾಳೆ. ದೊಡ್ಡ ದೊಡ್ಡ ತಂತ್ರಜ್ಞರನ್ನು ಕಾಡುತ್ತಿರುವ ಒಂದು ಸಮಸ್ಯೆಯನ್ನು ಮಲೆನಾಡಿನ ಅಡಿಗೆಮನೆ ಯಾವಾಗಲೋ ಬಗೆಹರಿಸಿ ಕುಳಿತಿದೆ.

ಕನ್ನಡ ಸರ್ವದೋಷಮುಕ್ತವೆಂದು ನಾನು ಹೇಳುತ್ತಿಲ್ಲ. ‘ತೆರೆ’ ಎಂಬುದು ನಮ್ಮಲ್ಲೂ ನಾಮಪದವಾದರೆ ರಂಗದ ಪರದೆ, ಕ್ರಿಯಾಪದವಾದರೆ ಬಿಚ್ಚುವ ಆಜ್ಞೆ. ಯಕ್ಷಗಾನದ ತೆರೆ ಹಿಡಿದವನಿಗೆ ‘ತೆರೆ!’ ಎಂದರೆ ಅವನು ನಗಬಹುದು. ‘ಮುಚ್ಚಿ’ ಎಂಬುದನ್ನು ‘ದಯವಿಟ್ಟು ಮುಚ್ಚಿ’ ಎಂದೂ ಓದಬಹುದು, ‘ಮುಚ್ಚಿಹೋಗಿದೆ’ ಎಂಬುದರ ಮೊದಲರ್ಧವೆಂದೂ ಓದಬಹುದು. ಆದರೆ ವಾಕ್ಯವನ್ನು ಪೂರ್ತಿಮಾಡಿದೊಡನೆ ನಮ್ಮಲ್ಲಿ ಸಂದೇಹ ಕರಗುತ್ತದೆ. ಪೂರ್ತಿಮಾಡಲು ಬೇಕಾದ ಸಾಮಗ್ರಿ ಭಾಷೆಯಲ್ಲಿ ಸಿದ್ಧವಾಗಿದೆ. ದುಃಖದ ಸಂಗತಿಯೆಂದರೆ, ತಂತ್ರಾಂಶಗಳ ಕನ್ನಡ ಅನುವಾದಗಳಲ್ಲಿ ಎಷ್ಟೋ ಕಡೆ ಈ ಸಾಮಗ್ರಿಯನ್ನು ಹೊರಗಿಟ್ಟು, ‘ಮ್ಯೂಟ್’, ‘ಆನ್’, ‘ಲಾಕ್’ ಎಂಬ ಬೋಳು ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದು ಕೈತೊಳೆದುಕೊಳ್ಳುತ್ತಾರೆ. ಅಂಥ ಅನುವಾದದಲ್ಲಿ ಇಂಗ್ಲಿಷಿನ ದೋಷ ಉಳಿಯುತ್ತದೆ, ಕನ್ನಡದ ಗುಣ ಅಳಿಯುತ್ತದೆ.

ಇದೆಲ್ಲ ಪಂಡಿತರ ಕೂದಲು ಸೀಳುವ ಕೆಲಸವೆಂದು ತಳ್ಳಿಹಾಕುವವರಿಗೆ ಮೂರು ಸಂಗತಿಗಳನ್ನು ಹೇಳುತ್ತೇನೆ.

ಮೊದಲನೆಯದು ದೂರದ್ದು, ದೊಡ್ಡದು. ೧೯೭೯ರ ಮಾರ್ಚ್ ೨೮ರಂದು ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಅಣುವಿದ್ಯುತ್ ಸ್ಥಾವರದಲ್ಲಿ ಒತ್ತಡವನ್ನು ಹೊರಬಿಡುವ ಒಂದು ಕವಾಟ ತೆರೆದುಕೊಂಡದ್ದು ಮತ್ತೆ ಮುಚ್ಚಿಕೊಳ್ಳದೆ ಸಿಕ್ಕಿಕೊಂಡಿತು. ನಿಯಂತ್ರಣ ಕೊಠಡಿಯಲ್ಲಿ ಅದಕ್ಕೆ ಸಂಬಂಧಿಸಿದ ಒಂದು ದೀಪವಿತ್ತು, ಅದು ಆರಿತು. ನೌಕರರು ‘ಕವಾಟ ಮುಚ್ಚಿದೆ’ ಎಂದು ಓದಿದರು. ಆದರೆ ಆ ದೀಪ ಹೇಳುತ್ತಿದ್ದುದು ‘ಮುಚ್ಚಿಕೊಳ್ಳಲು ಆಜ್ಞೆ ಹೋಗಿದೆ’ ಎಂಬುದನ್ನು ಮಾತ್ರ. ಆಜ್ಞೆ ಹೋಗಿತ್ತು, ಕವಾಟ ಕೇಳಿರಲಿಲ್ಲ. ಎರಡು ಗಂಟೆಗೂ ಹೆಚ್ಚು ಕಾಲ ಅಣುಸ್ಥಾವರವನ್ನು ತಂಪಾಗಿಡುವ ನೀರು ಸೋರಿಹೋಗಿ, ಅದರ ಗರ್ಭ ಭಾಗಶಃ ಕರಗಿತು. ಅಲ್ಲಿ ಕೆಟ್ಟದ್ದು ಅನೇಕ. ಆದರೆ ‘ಮಾಡು’ ಎಂಬುದನ್ನು ‘ಆಗಿದೆ’ ಎಂದು ಓದುವಂತೆ ಮಾಡಿದ ಆ ಒಂದು ದೀಪ ಅವುಗಳಲ್ಲಿ ಸಣ್ಣದಲ್ಲ.

ಎರಡನೆಯದು ಹತ್ತಿರದ್ದು. ಹೊಸನಗರದ ಕಡೆಯ ನನ್ನ ನೆಂಟರೊಬ್ಬರಿಗೆ ಅಡಿಕೆ ತೋಟವಿದೆ. ಪಂಪುಸೆಟ್ಟಿಗೆ ಮೂರು ಫೇಸಿನ ವಿದ್ಯುತ್ತು ಬರುವುದು ದಿನದಲ್ಲಿ ಕೆಲವೇ ತಾಸು, ಅದೂ ಎಷ್ಟೋ ಸಲ ಅಪರಾತ್ರಿಯಲ್ಲಿ. ಹಳೆಯ ಸ್ಟಾರ್ಟರಿನಲ್ಲಿ ಹಸಿರು ಗುಂಡಿ ಒಂದು, ಕೆಂಪು ಗುಂಡಿ ಒಂದು. ಹಸಿರು ಒತ್ತಿದರೆ ಓಡುತ್ತದೆ, ಕೆಂಪು ಒತ್ತಿದರೆ ನಿಲ್ಲುತ್ತದೆ. ಸಂದೇಹ ಬಂದರೆ ಹಸಿರನ್ನೇ ಇನ್ನೊಮ್ಮೆ ಒತ್ತಬಹುದು. ಓಡುತ್ತಿರುವ ಪಂಪು ಅದರಿಂದ ನಿಲ್ಲುವುದಿಲ್ಲ. ಈಚೆಗೆ ಅವರು ಮನೆಯಲ್ಲಿ ಕೂತೇ ಫೋನಿನಿಂದ ಪಂಪು ನಡೆಸುವ ಒಂದು ಸಲಕರಣೆ ಹಾಕಿಸಿದರು. ಅದರಲ್ಲಿರುವುದು ಒಂದೇ ವರ್ತುಲ. ಅದರೊಳಗೆ ‘ಆನ್’ ಎಂಬ ಪದ. ಬೇಸಗೆಯ ಒಂದು ರಾತ್ರಿ ವಿದ್ಯುತ್ತು ಬಂದೊಡನೆ ಪಂಪು ತಾನಾಗಿ ಓಡತೊಡಗಿತ್ತು. ಇವರು ಫೋನು ನೋಡಿದರು, ‘ಆನ್’ ಎಂದಿತ್ತು. ಆನ್ ಮಾಡಬೇಕೆಂದು ತಿಳಿದು ಒತ್ತಿ ಮಲಗಿದರು. ಪಂಪು ನಿಂತಿತು. ಬೆಳಗಾಗುವಷ್ಟರಲ್ಲಿ ವಿದ್ಯುತ್ತು ಹೋಗಿತ್ತು; ಎಳೆಯ ಅಡಿಕೆ ಸಸಿಗಳು ಆ ದಿನ ನೀರು ಕಾಣಲಿಲ್ಲ.

ಮೂರನೆಯದು ನನಗೆ ಎಲ್ಲಕ್ಕಿಂತ ನೋವಿನದು. ೨೦೨೦ರ ಲಾಕ್‌ಡೌನಿನ ದಿನಗಳಲ್ಲಿ ತೀರ್ಥಹಳ್ಳಿಯ ಕೆಲವು ಗೆಳೆಯರು ವಾರಕ್ಕೊಂದು ಸಂಜೆ ಪರದೆಯ ಮೇಲೆ ಕಾವ್ಯವಾಚನ ನಡೆಸುತ್ತಿದ್ದರು. ಒಬ್ಬ ನಿವೃತ್ತ ಮೇಷ್ಟ್ರು ತಮ್ಮ ಸರದಿ ಬಂದಾಗ ಕನ್ನಡಕ ಸರಿಮಾಡಿಕೊಂಡು ಗುಂಡಿಯ ಕಡೆ ನೋಡಿದರು. ಅಲ್ಲಿ ‘ಅನ್‌ಮ್ಯೂಟ್’ ಎಂದಿತ್ತು. ಇಂಗ್ಲಿಷನ್ನು ಮೂವತ್ತು ವರ್ಷ ಕಲಿಸಿದವರು. ಪದವನ್ನು ಸರಿಯಾಗಿಯೇ ಓದಿದರು: ‘ಮೌನವಿಲ್ಲ, ದನಿ ತೆರೆದಿದೆ.’ ಗುಂಡಿಯನ್ನು ಮುಟ್ಟದೆ ಹತ್ತು ನಿಮಿಷ ಕುಮಾರವ್ಯಾಸನನ್ನು ತನ್ಮಯರಾಗಿ ಓದಿದರು. ನಾವು ಕಂಡದ್ದು ಅವರ ತುಟಿಯ ಚಲನೆಯನ್ನು ಮಾತ್ರ. ‘ಮೇಷ್ಟ್ರೇ, ನಿಮ್ಮ ದನಿ ಬರ್ತಾ ಇಲ್ಲ’ ಎಂದು ಕೂಗಿದ ನಮ್ಮ ಮಾತು ಓದಿನ ಭರದಲ್ಲಿ ಅವರ ಕಿವಿಗೆ ಬೀಳಲಿಲ್ಲ. ಕೊನೆಗೆ ತಿಳಿದಾಗ, ‘ನನ್ನಂಥ ಹಳಬರಿಗೆ ಇದೆಲ್ಲ ಆಗೋದಲ್ಲ ಬಿಡ್ರಪ್ಪ’ ಎಂದು ನಕ್ಕರು. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ.

ಇಲ್ಲಿ ಗಮನಿಸಬೇಕಾದದ್ದು ತಪ್ಪಿನ ಹೊರೆ ಯಾರ ತಲೆಗೆ ಬಿತ್ತೆಂಬುದನ್ನು. ಓದಿದವರು ಸರಿಯಾಗಿ ಓದಿದ್ದರು. ಬರೆದವರು ಸಂದಿಗ್ಧವಾಗಿ ಬರೆದಿದ್ದರು. ಆದರೂ ನಾಚಿದವರು ಓದುಗರು. ಅಮೆರಿಕದ ಡೊನಾಲ್ಡ್ ನಾರ್ಮನ್ ೧೯೮೮ರಲ್ಲಿ ನಿತ್ಯಬಳಕೆಯ ವಸ್ತುಗಳನ್ನು ಕುರಿತು ಬರೆದ ಪುಸ್ತಕದಲ್ಲಿ ಇದನ್ನೇ ಒತ್ತಿ ಹೇಳಿದರು: ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ತಿಳಿಯದಿದ್ದರೆ ಜನ ತಮ್ಮನ್ನೇ ದಡ್ಡರೆಂದುಕೊಳ್ಳುತ್ತಾರೆ, ದಡ್ಡತನ ಬಾಗಿಲನ್ನು ರೂಪಿಸಿದವನದು. ಕಾವ್ಯದ ವಿಷಯದಲ್ಲಿ ನಾವು ಈ ನ್ಯಾಯವನ್ನು ಎಂದೋ ಒಪ್ಪಿದ್ದೇವೆ. ಸಂದಿಗ್ಧಪದ ಕಂಡರೆ ಮಮ್ಮಟ ಕವಿಯ ಕಿವಿ ಹಿಂಡುತ್ತಾನೆಯೇ ಹೊರತು ಸಹೃದಯನದಲ್ಲ.

‘ರೂಢಿಯಾದರೆ ಎಲ್ಲ ಸರಿಹೋಗುತ್ತದೆ, ಹುಡುಗರಿಗೆ ಈ ತೊಡಕೇ ಇಲ್ಲವಲ್ಲ’ ಎಂಬ ಸಮಾಧಾನವನ್ನೂ ಪರೀಕ್ಷಿಸಬೇಕು. ಹಾಡಿನ ಗುಂಡಿಯಲ್ಲಿ ಹುಡುಗರೂ ಮುದುಕರೂ ಎಡವುವುದಿಲ್ಲ, ನಿಜ. ಆದರೆ ಕಾರಣ ರೂಢಿಯೊಂದೇ ಅಲ್ಲ. ಹಾಡು ಕಿವಿಗೆ ಬೀಳುತ್ತಿರುತ್ತದೆ. ಸ್ಥಿತಿ ಬೇರೆ ದಾರಿಯಿಂದ ತಿಳಿದಿರುತ್ತದೆ. ಆದ್ದರಿಂದ ಗುಂಡಿ ಕ್ರಿಯೆಯನ್ನು ಮಾತ್ರ ಹೇಳಿದರೂ ನಡೆಯುತ್ತದೆ. ಮೈಕಿನ ವಿಷಯದಲ್ಲಿ ಹಾಗಲ್ಲ. ನನ್ನ ದನಿ ಬೆಂಗಳೂರಿಗೆ ಮುಟ್ಟುತ್ತಿದೆಯೋ ಇಲ್ಲವೋ ಎಂಬುದು ಸಾಗರದಲ್ಲಿ ಕುಳಿತ ನನ್ನ ಕಿವಿಗೆ ತಿಳಿಯದು. ಮುಚ್ಚಿದೆಯೆಂದುಕೊಂಡ ಮೈಕು ತೆರೆದಿದ್ದು, ಮನೆಯೊಳಗಿನ ಮಾತು ಸಭೆಗೆ ಕೇಳಿದ ಪ್ರಸಂಗಗಳನ್ನು ಯುವಕರೂ ಬಲ್ಲರು. ಜೆಫ್ ರಾಸ್ಕಿನ್ ೨೦೦೦ದಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಚೀಲದೊಳಗಿರುವ ಟಾರ್ಚಿನ ಉದಾಹರಣೆ ಕೊಡುತ್ತಾರೆ: ಒಂದೇ ಗುಂಡಿಯ ಟಾರ್ಚು ಕಣ್ಣಿಗೆ ಕಾಣದಿರುವಾಗ, ಒತ್ತಿದರೆ ಹೊತ್ತುವುದೋ ಆರುವುದೋ ಯಾರು ಬಲ್ಲರು? ಇದರಿಂದ ಒಂದು ಸೂತ್ರವನ್ನು ಕಟ್ಟಬಹುದು. ಸ್ಥಿತಿ ಕಣ್ಣಿಗೋ ಕಿವಿಗೋ ತಾನಾಗಿ ತಿಳಿಯುವಲ್ಲಿ ಗುಂಡಿ ಕ್ರಿಯೆಯನ್ನು ಹೇಳಲಿ. ತಿಳಿಯದಿರುವಲ್ಲಿ ಮೊದಲು ಸ್ಥಿತಿಯನ್ನು ಹೇಳಲಿ. ದೂಷಿಸಬೇಕಾದದ್ದು ಈ ವಿವೇಕವಿಲ್ಲದೆ ಎರಡನ್ನೂ ಕಲಸುವುದನ್ನು.

ಪರಿಹಾರಗಳು ಕಷ್ಟದವಲ್ಲ, ಕೆಲವು ಆಗಲೇ ಬಳಕೆಯಲ್ಲಿವೆ. ವಿದ್ಯುತ್ ಉಪಕರಣಗಳ ಮೇಲೆ ಒಂದು ನಿಂತ ಗೆರೆ ‘ಆನ್’ ಎಂಬುದಕ್ಕೂ ಒಂದು ವರ್ತುಲ ‘ಆಫ್’ ಎಂಬುದಕ್ಕೂ ಅಂತರರಾಷ್ಟ್ರೀಯ ಗುರುತುಗಳಾಗಿವೆ. ಅವೆರಡನ್ನೂ ಕೂಡಿಸಿದ ಗುರುತು ಇಂದು ಪ್ರತಿಯೊಂದು ಟಿ.ವಿ.ಯ ಮೇಲೂ ಇದೆ. ಅದು ತಾನು ವಿದ್ಯುತ್ತಿನ ಗುಂಡಿ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಸ್ಥಿತಿಯನ್ನು ಹೇಳುವ ಕೆಲಸವನ್ನು ಪಕ್ಕದ ಪುಟ್ಟ ದೀಪಕ್ಕೆ ಬಿಡುತ್ತದೆ. ಮಾತನ್ನು ಹೀಗೆ ಹಂಚಿಕೊಂಡರೆ ಜಗಳವಿಲ್ಲ. ಸಾಗರ ತಾಲ್ಲೂಕಿನ ಕೆಳದಿಯಲ್ಲಿ ರಾಮೇಶ್ವರ ದೇವಾಲಯದ ಚಾವಣಿಯಲ್ಲಿ ಗಂಡಭೇರುಂಡವನ್ನು ಕೆತ್ತಿದ್ದಾರೆ. ಒಂದು ಮೈ, ಎರಡು ತಲೆ, ಎರಡೂ ವಿರುದ್ಧ ದಿಕ್ಕಿಗೆ. ಆದರೆ ಶಿಲ್ಪಿ ಎರಡು ತಲೆಗಳನ್ನೂ ಕಾಣುವಂತೆ ಕೆತ್ತಿದ್ದರಿಂದ ನೋಡುವವನಿಗೆ ಗೊಂದಲವಿಲ್ಲ. ಅತ್ತಿತ್ತ ಜಾರುವ ಸ್ವಿಚ್ಚಿನ ಎರಡು ತುದಿಗಳಲ್ಲೂ ಹೆಸರು ಬರೆದರೆ ಅದು ಕೆಳದಿಯ ಗಂಡಭೇರುಂಡದಂತೆ ಸ್ಪಷ್ಟವಾಗುತ್ತದೆ. ಮಗುಚುಗುಂಡಿ ಒಂದು ತಲೆಯನ್ನು ತೋರಿಸಿ ಇನ್ನೊಂದನ್ನು ರೆಕ್ಕೆಯಲ್ಲಿ ಮುಚ್ಚಿಕೊಂಡ ಪಕ್ಷಿ. ಬರಿಯ ಬಣ್ಣವನ್ನು ನೆಚ್ಚುವುದೂ ಸಲ್ಲದು. ಕೆಂಪು ಹಸಿರುಗಳನ್ನು ಬೇರ್ಪಡಿಸಿ ಕಾಣದ ಕಣ್ಣುಗಳೂ ನಮ್ಮ ನಡುವೆ ಇವೆ.

ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶಗಳಿಗಾಗಿ ರೂಪಿಸಿದ ಅಂತರಜಾಲದ ನಿಯಮಗಳಲ್ಲಿ ಒಂದು ವಿವೇಕದ ಮಾತಿದೆ: ಮಗುಚುಗುಂಡಿಯ ಸ್ಥಿತಿ ಬದಲಾದಾಗ ಅದರ ಹೆಸರು ಬದಲಾಗಬಾರದು. ‘ಮ್ಯೂಟ್ ಗುಂಡಿ, ಒತ್ತಿದೆ’ ಎಂದು ಕೇಳಿದರೆ ಅರ್ಥ ಸ್ಪಷ್ಟ. ಹೆಸರೂ ಬದಲಾಗಿ, ಒತ್ತಿದ ಗುರುತೂ ಸೇರಿ, ‘ಅನ್‌ಮ್ಯೂಟ್, ಒತ್ತಿದೆ’ ಎಂದು ಕೇಳಿದರೆ ದೇವರೇ ಗತಿ. ಕುರುಡರಿಗಾಗಿ ಮಾಡಿದ ಈ ನಿಯಮ ಕಣ್ಣುಳ್ಳವರಿಗೂ ದಾರಿ ತೋರಿಸಬಲ್ಲದು.

ಕೊನೆಯದಾಗಿ ನಮ್ಮ ಅನುವಾದಕರಿಗೆ ಒಂದು ಮಾತು. ಗಣಕಯಂತ್ರದಲ್ಲಿ ಕನ್ನಡದ ಅಕ್ಷರ ಮೂಡಿಸಲು ನಮ್ಮವರು ದೊಡ್ಡ ಹೋರಾಟವನ್ನೇ ಮಾಡಿದರು. ಕೆ. ಪಿ. ರಾವ್ ಅವರ ಕೀಲಿಮಣೆ ಬಂತು. ೧೯೯೮ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ೧೯೩೮ರಲ್ಲಿ ಹುಟ್ಟಿದ ಪೂರ್ಣಚಂದ್ರ ತೇಜಸ್ವಿಯವರು ಕಾದಂಬರಿ ಬರೆಯುತ್ತಲೇ ಕನ್ನಡ ತಂತ್ರಾಂಶದ ಚಿಂತೆಯನ್ನೂ ಹೊತ್ತು ನಡೆದರು. ಅ ಎಂದು ಒತ್ತಿದರೆ ಅ ಮೂಡುವ ಕಾಲ ಅವರೆಲ್ಲರ ಶ್ರಮದ ಫಲವಾಗಿ ನಮಗೆ ಬಂದಿದೆ. ಅಕ್ಷರ ಬಂತು, ಇನ್ನು ವಾಕ್ಯ ಬರಬೇಕಾಗಿದೆ. ಗುಂಡಿಯ ಮೇಲೆ ‘ಮ್ಯೂಟ್’ ಎಂಬ ಬೋಳು ಪದದ ಬದಲಿಗೆ, ಸ್ಥಿತಿಯನ್ನು ಹೇಳುವಾಗ ‘ದನಿ ನಿಂತಿದೆ’ ಎಂದೂ, ಆಜ್ಞೆಯನ್ನು ಹೇಳುವಾಗ ‘ದನಿ ನಿಲ್ಲಿಸಿ’ ಎಂದೂ ಬರೆಯಲಿ. ‘ಆನ್’ ಎಂಬ ಪದವೇ ಇರಲಿ ಎನ್ನುವವರು ಅದರ ಪಕ್ಕದಲ್ಲಿ ‘ಆಗಿದೆ’ ಎಂಬುದನ್ನೋ ‘ಮಾಡಿ’ ಎಂಬುದನ್ನೋ ಸೇರಿಸಲಿ. ಎರಡು ಮೂರು ಅಕ್ಷರಗಳ ಜಾಗ ಸಾಲದೆಂದು ಅವರು ಗೊಣಗಬಹುದು. ಆ ಅಕ್ಷರಗಳಿಲ್ಲದೆ ಒಂದು ರಾತ್ರಿಯ ನೀರು ಹೋಯಿತು, ಒಬ್ಬ ಮೇಷ್ಟ್ರ ಕುಮಾರವ್ಯಾಸ ಯಾರಿಗೂ ಕೇಳಿಸದೆ ಹೋದ. ಆ ಲೆಕ್ಕದಲ್ಲಿ ನೋಡಿದರೆ ಜಾಗ ಬಹಳ ಅಗ್ಗ.